ಕುಂಡದ ಜರಿಗಿಡದ ಕಾಯಿಲೆಗಳು: ಚೀಲದ ಸಸಿಗೂ ಅದೇ ಪಾಠ



ನಮ್ಮ ಕಡೆಯ ಯಾವುದಾದರೊಂದು ಹಳೆಯ ಜಂಬಿಟ್ಟಿಗೆ ಬಾವಿಯೊಳಗೆ ಬಗ್ಗಿ ನೋಡಿ. ನೀರಿನ ಮಟ್ಟಕ್ಕಿಂತ ಒಂದಾಳು ಮೇಲೆ, ಕಲ್ಲಿನ ಸಂದಿಯಲ್ಲಿ, ಕಪ್ಪು ದಾರದಂಥ ತೊಟ್ಟಿಗೆ ಬೀಸಣಿಗೆಯಾಕಾರದ ಪುಟ್ಟ ಎಲೆಗಳನ್ನು ಪೋಣಿಸಿದಂತಿರುವ ಜರಿಗಿಡವೊಂದು ಜೋತುಬಿದ್ದಿರುತ್ತದೆ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹೊಯ್ದದ್ದಲ್ಲ, ಗೊಬ್ಬರವನ್ನಂತೂ ಅದು ಕಂಡದ್ದೇ ಇಲ್ಲ. ಅದೇ ಗಿಡವನ್ನು ಕಿತ್ತು ತಂದು, ಚೆಂದದ ಕುಂಡದಲ್ಲಿಟ್ಟು, ಸಗಣಿಗೊಬ್ಬರ ತುಂಬಿ, ದಿನಕ್ಕೆರಡು ಸಲ ನೀರು ಹೊಯ್ದು ಜಗಲಿಯ ಮೇಲಿಟ್ಟು ಸಾಕಿದರೆ ತಿಂಗಳೊಳಗೆ ಕರಟಿಹೋಗುತ್ತದೆ. ಬಾವಿಯಲ್ಲಿ ತಾನಾಗಿ ಬದುಕಿದ್ದು ನಮ್ಮ ಆರೈಕೆಯಲ್ಲಿ ಏಕೆ ಸಾಯುತ್ತದೆ ಎಂಬುದೇ ಈ ಸಂಚಿಕೆಯ ಪಾಠ.

ಅಡಿಕೆ, ಕಾಫಿ, ಮೆಣಸಿನ ಪತ್ರಿಕೆಯಲ್ಲಿ ಅಲಂಕಾರದ ಗಿಡಕ್ಕೇನು ಕೆಲಸ ಎಂದು ಕೆಲವರು ಕೇಳಿಯಾರು. ಸಂಘದ ಮಹಿಳಾ ಸದಸ್ಯರು ಈ ವಿಷಯ ಬರೆಯಿರೆಂದು ಕೇಳುತ್ತ ಬಂದು ಬಹಳ ದಿನಗಳಾದವು, ಅದೊಂದು ಕಾರಣ. ಇನ್ನೊಂದು ಕಾರಣ ಹೇಳಲು ನನಗೆ ಸ್ವಲ್ಪ ಸಂಕೋಚವೇ ಆಗುತ್ತದೆ.

ಕೆಲವು ವರ್ಷಗಳ ಹಿಂದೆ ಸದಸ್ಯರಿಗೆ ಹಂಚಲೆಂದು ಮೆಣಸಿನ ಬಳ್ಳಿಯ ಎರಡು ಸಾವಿರ ಚೀಲಗಳನ್ನು ನನ್ನ ಉಸ್ತುವಾರಿಯಲ್ಲಿ ಮಾಡಿಸಿದೆ. ಮುಂಗಡವನ್ನೂ ತೆಗೆದುಕೊಂಡಾಗಿತ್ತು. ಮರಳು ದುಬಾರಿಯೆಂದು ಕೆರೆಯ ಗೋಡುಮಣ್ಣನ್ನೇ ಹೆಚ್ಚಾಗಿ ತುಂಬಿಸಿದ್ದೆ. ಚೀಲಗಳನ್ನು ಸಾಲಾಗಿ ಟಾರ್ಪಾಲಿನ ಮೇಲೆ ನಿಲ್ಲಿಸಿ, ನೀರು ಹಾಕಲು ಒಬ್ಬ ಆಳನ್ನೂ ನೇಮಿಸಿದ್ದಾಯಿತು. ಏಪ್ರಿಲ್ ಕೊನೆಯಲ್ಲಿ ಎಲೆಗಳು ಬಾಡತೊಡಗಿದವು. ಬಿಸಿಲಿನ ಝಳವೆಂದು ತಿಳಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹಾಕಿಸಿದೆ. ಬಾಡುವುದು ಇನ್ನೂ ಹೆಚ್ಚಿತು. ಅದೇ ಸಮಯದಲ್ಲಿ ಕಚೇರಿಯ ಜಗಲಿಯ ಮೇಲಿದ್ದ ಜರಿಗಿಡವೂ ಹಳದಿಯಾಗಿ ಬಾಗಿತ್ತು. ನೀರು ಹಾಕುತ್ತಿದ್ದವನು ಅದೇ ಆಳು, ತಂಬಿಗೆಯೂ ಅದೇ.

ಆ ದಿನ ಕಚೇರಿಗೆ ಬಂದಿದ್ದ ನಮ್ಮ ಹಿರಿಯ ಸದಸ್ಯರೊಬ್ಬರ ಪತ್ನಿ ಕುಂಡವನ್ನು ನೋಡಿದವರೇ, ನನ್ನನ್ನು ಕೇಳದೆ, ಅದನ್ನು ಬೋರಲು ಹಾಕಿ ಕಟ್ಟೆಯ ಅಂಚಿಗೆ ಎರಡು ಸಲ ತಟ್ಟಿದರು. ಮಣ್ಣಿನ ಹೆಂಟೆ ಇಡಿಯಾಗಿ ಅಂಗೈಗೆ ಬಂತು. ಬೇರುಗಳು ಕಪ್ಪಾಗಿ ಲೋಳೆಯಾಗಿದ್ದವು. ಚರಂಡಿಯ ವಾಸನೆ ಬರುತ್ತಿತ್ತು. "ತಮ್ಮಾ, ಇದಕ್ಕೆ ಬಾಯಾರಿಕೆ ಅಲ್ಲ, ಅಜೀರ್ಣ ಆಗಿದೆ," ಎಂದರು. ನಾನು ಅಲ್ಲಿಂದ ನೇರವಾಗಿ ಮೆಣಸಿನ ಚೀಲಗಳ ಬಳಿಗೆ ಹೋಗಿ ಬ್ಲೇಡಿನಿಂದ ನಾಲ್ಕು ಚೀಲಗಳನ್ನು ಸೀಳಿ ನೋಡಿದೆ. ನಾಲ್ಕರಲ್ಲೂ ಅದೇ ಬಣ್ಣ, ಅದೇ ವಾಸನೆ. ಆ ವರ್ಷ ಎಂಟುನೂರಕ್ಕೂ ಹೆಚ್ಚು ಚೀಲಗಳು ಹೋದವು. ಸದಸ್ಯರ ಮುಂಗಡವನ್ನು ಹಿಂದಿರುಗಿಸಬೇಕಾಯಿತು. ವಿಜ್ಞಾನದ ಪದವಿ ಪಡೆದ ನಾನು ಎಲೆಯನ್ನು ನೋಡಿ ಚಿಕಿತ್ಸೆ ಮಾಡಿದೆ, ಅವರು ಬೇರನ್ನು ನೋಡಿ ರೋಗ ಹೇಳಿದರು.

ಜರಿಗಿಡವು ಕುಂಡದಲ್ಲಿ ಪಡುವ ಕಷ್ಟ, ಚೀಲದೊಳಗೆ ಅಡಿಕೆ, ಮೆಣಸು, ಕಾಫಿ ಸಸಿಗಳು ಪಡುವ ಕಷ್ಟವೇ ಆಗಿದೆ. ಜರಿಗಿಡದ ಎಲೆ ತೆಳುವಾದ್ದರಿಂದ ಅದು ಬೇಗ ದೂರು ಹೇಳುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ಗಿಡದ ಪರಿಚಯ

ಜರಿಗಿಡಗಳು ಹೂಬಿಡುವ ಸಸ್ಯಗಳಿಗಿಂತ ಬಹು ಹಳೆಯ ಕುಲದವು. ಮೂವತ್ತು ಕೋಟಿ ವರ್ಷಕ್ಕೂ ಹಿಂದಿನ ಕಲ್ಲಿನ ಪದರಗಳಲ್ಲಿ ಇವುಗಳ ಅಚ್ಚು ದೊರೆತಿದೆ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಎಲೆಯ ಅಡಿಭಾಗದಲ್ಲಿ ಧೂಳಿನಂಥ ಬೀಜಕಗಳು ಹುಟ್ಟಿ ಉದುರುತ್ತವೆ. ತೇವವಿದ್ದಲ್ಲಿ ಬಿದ್ದ ಬೀಜಕವು ಮೊಳೆತು, ಉಗುರಿಗಿಂತ ಚಿಕ್ಕದಾದ, ಹೃದಯಾಕಾರದ ಹಸಿರು ಬಿಲ್ಲೆಯಾಗುತ್ತದೆ. ಗಂಡು ಕಣವು ಹೆಣ್ಣು ಕಣವನ್ನು ಸೇರಬೇಕಾದರೆ ಆ ಬಿಲ್ಲೆಯ ಮೇಲೆ ನೀರಿನ ತೆಳುಪದರವಿದ್ದು ಅದರಲ್ಲಿ ಈಜಿ ಹೋಗಬೇಕು. ಆಮೇಲೆಯೇ ನಾವು ಜರಿಗಿಡವೆಂದು ಗುರುತಿಸುವ ಗಿಡ ಹುಟ್ಟುವುದು. ಜರಿಗಿಡಕ್ಕೆ ತೇವದ ಮೇಲೆ ಇಷ್ಟೊಂದು ಮೋಹವೇಕೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಸೊರಬ ತಾಲ್ಲೂಕಿನ ಕಾನುಗಳು ಇಂಥ ತೇವದ ತವರು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ಈ ಕಾನುಗಳ ಬಗೆಗೇ ಒಂದು ವರದಿ ಬರೆದಿದ್ದಾರೆ. ಆ ಕಾಲದಲ್ಲಿ ಕಾನಿನ ಬೆಲೆಯಿದ್ದುದು ಮುಖ್ಯವಾಗಿ ಅಲ್ಲಿನ ಮೆಣಸಿನ ಬಳ್ಳಿಗಾಗಿ. ಮೆಣಸಿನ ಬಳ್ಳಿಯೂ ಜರಿಗಿಡವೂ ಅಲ್ಲಿ ಒಂದೇ ನೆರಳಿನ ಒಕ್ಕಲುಗಳು. ಹಾಗೆಂದು ಕಾನಿಗೆ ಹೋಗಿ ಕಿತ್ತು ತರಬೇಡಿ. ಕಾನಿನ ಗಿಡ ಜಗಲಿಗೆ ಒಗ್ಗುವುದು ಅಪರೂಪ. ಉಳಿದಿರುವ ಕಾನೂ ಅಪರೂಪವೇ.

ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಬಗೆ. ಉದ್ದ ಗರಿಯ ಎರಡು ಬದಿಗೂ ಬಾಚಣಿಗೆಯ ಹಲ್ಲಿನಂತೆ ಎಲೆಗಳಿರುವುದು ನೆಫ್ರೊಲೆಪಿಸ್. ಇದು ಗಟ್ಟಿಗ, ಹೊಸಬರು ಇದರಿಂದಲೇ ಆರಂಭಿಸತಕ್ಕದ್ದು. ಬಾವಿಯಲ್ಲಿ ಕಾಣುವ ಕಪ್ಪು ತೊಟ್ಟಿನದು ಅಡಿಯಾಂಟಮ್. ಇದು ಬಹು ನಾಜೂಕು. ಒಂದು ಮಧ್ಯಾಹ್ನ ಮಣ್ಣು ಒಣಗಿದರೂ ಸಾಕು, ಎಲೆ ಹಪ್ಪಳವಾಗುತ್ತದೆ.

ಎಲೆ ನೋಡಿದ ಮೇಲೆ ಬೇರು ನೋಡಿ

ರೋಗ ಗುರುತಿಸಲು ಕುಳಿತಾಗ ಮೊದಲ ಪ್ರಶ್ನೆ: ಕೆಟ್ಟಿರುವುದು ಹಳೆಯ ಎಲೆಯೋ ಹೊಸ ಎಲೆಯೋ? ಬುಡದ ಒಂದೆರಡು ಹಳೆಯ ಗರಿಗಳು ಹಳದಿಯಾಗಿ ಒಣಗಿದ್ದು, ನಡುವಿನಿಂದ ಸುರುಳಿ ಸುತ್ತಿದ ಹೊಸ ಚಿಗುರು ಬರುತ್ತಿದ್ದರೆ ಅದು ಮುಪ್ಪು, ರೋಗವಲ್ಲ. ಕತ್ತರಿಸಿ ಬಿಸಾಡಿದರಾಯಿತು. ಹಳೆಯ ಎಲೆಗಳೆಲ್ಲ ಒಟ್ಟಾಗಿ ಬಿಳಿಚಿಕೊಂಡರೆ ಸಾರಜನಕದ ಕೊರತೆಯಿರಬಹುದು. ಗಿಡವು ಹಳೆಯ ಎಲೆಯಿಂದ ಸಾರ ಹೀರಿ ಹೊಸ ಎಲೆಗೆ ಕೊಡುತ್ತಿರುತ್ತದೆ. ಹೊಸ ಎಲೆಯೇ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಅಂಶ ಗಿಡಕ್ಕೆ ಸಿಗುತ್ತಿಲ್ಲ. ಹೊಸ ಸಿಮೆಂಟ್ ಕುಂಡದಲ್ಲಿ ಸುಣ್ಣದಂಶ ಬಿಡುವುದರಿಂದ ಹೀಗಾಗುವುದುಂಟು. ಹೊಸ ಸಿಮೆಂಟ್ ಕುಂಡವನ್ನು ಒಂದೆರಡು ವಾರ ನೀರು ತುಂಬಿಸಿಟ್ಟು, ಆ ನೀರನ್ನು ಬದಲಿಸುತ್ತ ಹೋಗಿ, ಆಮೇಲೆ ಉಪಯೋಗಿಸಬೇಕು.

ಇಡೀ ಗಿಡ ಬಾಡಿದ್ದರೆ? ಇಲ್ಲಿಯೇ ನಾವು ಎಡವುವುದು. ನೀರಿಲ್ಲದೆ ಬಾಡಿದ ಗಿಡವೂ, ನೀರು ಹೆಚ್ಚಾಗಿ ಬೇರು ಕೊಳೆತು ಬಾಡಿದ ಗಿಡವೂ ನೋಡಲು ಒಂದೇ ರೀತಿ ಇರುತ್ತವೆ. ಬೇರು ಸತ್ತ ಮೇಲೆ ಕುಂಡದಲ್ಲಿ ಎಷ್ಟು ನೀರಿದ್ದರೇನು, ಕುಡಿಯುವ ಬಾಯಿಯೇ ಇಲ್ಲ. ಆದಕಾರಣ ಬಾಡಿದ ಕುಂಡಕ್ಕೆ ನೀರು ಹೊಯ್ಯುವ ಮುನ್ನ ಅದನ್ನು ಎರಡು ಕೈಯಿಂದ ಎತ್ತಿ ನೋಡಿ. ಹಗುರವಾಗಿದ್ದರೆ ಬಾಯಾರಿಕೆ. ಭಾರವಾಗಿದ್ದೂ ಬಾಡಿದ್ದರೆ ಬೇರಿನ ತೊಂದರೆ. ನೀರು ಹಾಕಿದ ಮೇಲೊಮ್ಮೆ, ಮಾರನೆಯ ದಿನವೊಮ್ಮೆ ಎತ್ತಿ ನೋಡಿದರೆ ವಾರದಲ್ಲಿ ಕೈಗೆ ಅಂದಾಜು ಸಿಕ್ಕುತ್ತದೆ. ಅಡಿಕೆ ಚೀಲಕ್ಕೂ ಇದೇ ಪರೀಕ್ಷೆ ನಡೆಯುತ್ತದೆ.

ಬೇರು ಏಕೆ ಕೊಳೆಯುತ್ತದೆಂಬುದನ್ನು ಸರಿಯಾಗಿ ತಿಳಿಯಬೇಕು. ಬೇರಿಗೆ ಉಸಿರಾಟವಿದೆ, ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ದೊಡ್ಡವು ಗಾಳಿಗೆ, ಸಣ್ಣವು ನೀರಿಗೆ. ಗೋಡುಮಣ್ಣಿನಲ್ಲಿ ಎಲ್ಲ ಸಂದಿಯೂ ಸಣ್ಣದೇ. ಎಲ್ಲವೂ ನೀರಿನಿಂದ ತುಂಬಿ ಬೇರಿಗೆ ಉಸಿರು ಕಟ್ಟುತ್ತದೆ. ಹೀಗೆ ಸೋತ ಬೇರಿಗೆ ಪಿಥಿಯಮ್, ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿಗಳು ಮುತ್ತುತ್ತವೆ. ಫೈಟಾಫ್ತೊರಾ ನಮಗೇನೂ ಹೊಸಬನಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ, ಮೆಣಸಿಗೆ ಶೀಘ್ರ ಸೊರಗು ರೋಗ ತರುವುದು ಇದೇ ಕುಲ. ಇವುಗಳ ಬೀಜಕಗಳು ನೀರಿನಲ್ಲಿ ಈಜಬಲ್ಲವು. ನಿಂತ ನೀರು ಇವಕ್ಕೆ ಹೆದ್ದಾರಿ.

ಇಲ್ಲೊಂದು ತಪ್ಪು ನಂಬಿಕೆಯನ್ನು ತಿದ್ದಬೇಕಾಗಿದೆ. ಕುಂಡದ ತಳಕ್ಕೆ ನಾಲ್ಕು ಬೆರಳು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ. ವಾಸ್ತವವಾಗಿ ನಡೆಯುವುದು ಬೇರೆ. ಸಣ್ಣ ಸಂದಿಯ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ದೊಡ್ಡ ಸಂದಿಯ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೀಗಾಗಿ ತಳದಲ್ಲಿ ನಿಲ್ಲಬೇಕಾಗಿದ್ದ ಕೆಸರು ಜಲ್ಲಿಯ ಮೇಲೆ, ಬೇರಿಗೆ ಇನ್ನೂ ಹತ್ತಿರದಲ್ಲಿ ನಿಲ್ಲುತ್ತದೆ. ನಂಬಿಕೆಯಾಗದಿದ್ದರೆ ಪಾತ್ರೆ ತಿಕ್ಕುವ ಸ್ಪಂಜಿನಿಂದ ಪರೀಕ್ಷಿಸಿ ನೋಡಬಹುದು. ಸ್ಪಂಜನ್ನು ನೀರಿನಲ್ಲಿ ಅದ್ದಿ, ಚಪ್ಪಟೆಯಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಆಮೇಲೆ ಹಿಂಡದೆ, ಅದನ್ನೇ ಉದ್ದಕ್ಕೆ ನೆಟ್ಟಗೆ ತಿರುಗಿಸಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ನೀರೂ ಅದೇ. ಎತ್ತರ ಹೆಚ್ಚಾದುದರಿಂದ ಬಸಿಯಿತು. ಜಲ್ಲಿ ತುಂಬಿ ಮಣ್ಣಿನ ಎತ್ತರವನ್ನು ಕಡಿಮೆ ಮಾಡಿದರೆ ಬಸಿಯುವುದು ಕಡಿಮೆಯಾಗುವುದೇ ಸಹಜ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಸಾಕು. ಉಳಿದದ್ದನ್ನು ಮಣ್ಣಿನ ಮಿಶ್ರಣದಿಂದಲೇ ಸಾಧಿಸಬೇಕು.

ನನ್ನ ಮೆಣಸಿನ ಚೀಲಗಳಲ್ಲಿ ಮೂರು ತಪ್ಪುಗಳು ಒಟ್ಟಾಗಿದ್ದವು. ಮಣ್ಣು ಗೋಡು, ಚೀಲಕ್ಕೆ ತೂತು ಸಾಲದು, ಕೆಳಗೆ ಟಾರ್ಪಾಲು. ಬದುಕಿದ್ದ ಚೀಲಗಳನ್ನು ಉಳಿಸಿಕೊಂಡ ಬಗೆ ಹೀಗೆ: ತಳದಲ್ಲಿಯೂ ಬದಿಯಲ್ಲಿಯೂ ಹೆಚ್ಚಿನ ತೂತು ಹೊಡೆಸಿದೆವು, ಟಾರ್ಪಾಲು ಕಿತ್ತು, ಸ್ವಲ್ಪ ಇಳಿಜಾರು ಮಾಡಿ, ಮರಳು ಹಾಸಿ ಅದರ ಮೇಲೆ ನಿಲ್ಲಿಸಿದೆವು. ಚೀಲದ ತಳ ಮರಳಿಗೆ ತಾಗಿದಾಗ ಒಳಗಿನ ನೀರನ್ನು ಮರಳು ಕೆಳಗೆ ಎಳೆದುಕೊಳ್ಳುತ್ತದೆ. ಮೂರು ದಿನ ನೀರು ನಿಲ್ಲಿಸಿ, ನಾಲ್ಕನೆಯ ದಿನದಿಂದ ಚೀಲ ಎತ್ತಿ ನೋಡಿ ಹಗುರವಾದವಕ್ಕೆ ಮಾತ್ರ ಕೊಟ್ಟೆವು. ಸತ್ತ ಚೀಲಗಳ ಮಣ್ಣನ್ನು ತೋಟಕ್ಕೆ ಹಾಕದೆ ದೂರ ಸಾಗಿಸಿದೆವು. ಆ ಮಣ್ಣನ್ನು ಬಳ್ಳಿಯ ಬುಡಕ್ಕೆ ಸುರಿದರೆ ರೋಗವನ್ನು ಕೈಯಾರೆ ಬಡಿಸಿದಂತೆ.

ಬೇರು ಕೊಳೆತ ಜರಿಗಿಡಕ್ಕೂ ಕ್ರಮ ಹೀಗೆಯೇ. ಕುಂಡದಿಂದ ಹೊರತೆಗೆದು, ಕಪ್ಪಾದ ಬೇರನ್ನೆಲ್ಲ ಕತ್ತರಿಸಿ, ಗಟ್ಟಿಯಾಗಿರುವ ಬೇರುಗಳಿಗೆ ಸರಿಹೊಂದುವ ಚಿಕ್ಕ ಕುಂಡಕ್ಕೆ ಹೊಸ ಮಣ್ಣಿನಲ್ಲಿ ಬದಲಿಸಬೇಕು. ದೊಡ್ಡ ಕುಂಡ ಕೊಟ್ಟರೆ ಕುಡಿಯುವ ಬೇರಿಲ್ಲದ ಮಣ್ಣು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬೇರು ಅರ್ಧ ಹೋಗಿದ್ದರೆ ಗರಿಯನ್ನೂ ಅರ್ಧ ಕತ್ತರಿಸಿ. ಹೊಸ ಸುರುಳಿ ಕಾಣುವವರೆಗೆ ಗೊಬ್ಬರ ಕೂಡದು.

ಮಣ್ಣು ಮತ್ತು ಕುಂಡ

ಅಡಿಕೆಯ ಎರಡನೆಯ ಹಂತದ ನರ್ಸರಿಗೆ ಮೇಲ್ಮಣ್ಣು 7, ಕೊಟ್ಟಿಗೆ ಗೊಬ್ಬರ 3, ಮರಳು 2 ಪಾಲು ಎಂದೂ, ಮೆಣಸಿನ ಚೀಲಕ್ಕೆ ಮಣ್ಣು 2, ಮರಳು 1, ಗೊಬ್ಬರ 1 ಎಂದೂ ಶಿಫಾರಸು ಇರುವುದು ತಮಗೆ ತಿಳಿದಿದೆ. ಜರಿಗಿಡಕ್ಕೆ ಇದಕ್ಕಿಂತ ಹಗುರವಾದ ಮಿಶ್ರಣ ಬೇಕು. ನಾನು ಹಾಕುವುದು ಮರದಡಿಯಲ್ಲಿ ಕಳಿತು ಪುಡಿಯಾದ ದರಕು ಎರಡು ಪಾಲು, ಕೆಂಪುಮಣ್ಣು ಒಂದು, ದಪ್ಪ ಮರಳು ಒಂದು, ಚೆನ್ನಾಗಿ ಕಳಿತ ಗೊಬ್ಬರ ಅರ್ಧ ಪಾಲು. ತೆಂಗಿನ ನಾರಿನ ಪುಡಿ ಸೇರಿಸುವವರು ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪಿನಂಶ ತೆಗೆಯಬೇಕು. ಹಸಿ ಸಗಣಿ ಹಾಕಲೇಬಾರದು.

ನೆಡುವಾಗ ಗರಿಗಳು ಹೊರಡುವ ಗಡ್ಡೆಯು ಮಣ್ಣಿನ ಮಟ್ಟದಲ್ಲಿಯೇ ಇರಬೇಕು. ಗಟ್ಟಿಯಾಗಿ ನಿಲ್ಲಲೆಂದು ಆಳಕ್ಕೆ ಹೂಳಿದರೆ ಚಿಗುರು ಕೊಳೆಯುತ್ತದೆ. ಅಡಿಕೆ ಸಸಿಯ ಕುತ್ತಿಗೆ ಮುಚ್ಚುವಂತೆ ಮಣ್ಣು ಏರಿಸುವವರಿಗೂ ಇದೇ ಮಾತು.

ಅಂಚು ಒಣಗುವುದು

ಗರಿ ಹಸಿರಾಗಿದ್ದು ತುದಿ, ಅಂಚು ಮಾತ್ರ ಕಂದಾಗಿ ಒಣಗುವುದು ಎಲ್ಲ ಮನೆಗಳ ದೂರು. ಇದಕ್ಕೆ ಎರಡು ಮುಖ್ಯ ಕಾರಣಗಳು.

ಒಂದು ಒಣಗಾಳಿ. ಉಳವಿ ಹೋಬಳಿಯಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಫೆಬ್ರವರಿಯಿಂದ ಏಪ್ರಿಲಿನವರೆಗೆ ತುಟಿ ಒಡೆಯುತ್ತದೆ. ಪೂರ್ವಕ್ಕೆ ಶಿಕಾರಿಪುರದ ಕಡೆ ಹೋದಷ್ಟೂ ಒಣಗಾಳಿ ಹೆಚ್ಚು. ಮಳೆಗಾಲದಲ್ಲಿ ಚೆಂದವಿದ್ದ ಜರಿಗಿಡ ಶಿವರಾತ್ರಿಯ ಹೊತ್ತಿಗೆ ಕಂದಾದರೆ ಆಶ್ಚರ್ಯವಿಲ್ಲ. ತಟ್ಟೆಯಲ್ಲಿ ಕಲ್ಲು ನೀರು ಇಟ್ಟು ಅದರ ಮೇಲೆ ಕುಂಡ ಇಡಬೇಕೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಬಯಲುಗಾಳಿ ಬೀಸುವ ಜಗಲಿಯಲ್ಲಿ ಅದರಿಂದ ಹೆಚ್ಚು ಪ್ರಯೋಜನ ಕಂಡಿಲ್ಲ. ಬೇಸಿಗೆಯ ಮೂರು ತಿಂಗಳು ಕುಂಡಗಳನ್ನು ಜಗಲಿಯಿಂದ ಇಳಿಸಿ ಬಾವಿಕಟ್ಟೆಯ ಬದಿಗೋ ತೋಟದ ಅಂಚಿಗೋ ಒಯ್ದು, ಒಂದಕ್ಕೊಂದು ತಾಗುವಂತೆ ಒತ್ತಾಗಿ ಇಡಿ. ಅಡಿಕೆ ಮರದ ನೆರಳೂ ಕಾಲುವೆಯ ತಂಪೂ ಸೇರಿ ಅಲ್ಲಿ ಬಾವಿಯೊಳಗಿನ ಹವೆಯ ಅರ್ಧಪಾಲಾದರೂ ದೊರೆಯುತ್ತದೆ. ಹಬ್ಬಕ್ಕೋ ಮದುವೆಗೋ ಬೇಕಾದಾಗ ಜಗಲಿಗೆ ತಂದು ಮತ್ತೆ ಒಯ್ದಿಟ್ಟರಾಯಿತು.

ಇನ್ನೊಂದು ಉಪ್ಪು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿಯ ಹೊಪ್ಪಳೆ ಕಂಡರೆ ಕಾರಣ ಇದೇ. ತೋಟಕ್ಕೆ ಹಾಕಿ ಉಳಿದ ರಾಸಾಯನಿಕ ಗೊಬ್ಬರವನ್ನು ಒಂದು ಹಿಡಿ ಕುಂಡಕ್ಕೂ ಎರಚುವುದು ನಮ್ಮ ಅಭ್ಯಾಸ. ತೋಟದಲ್ಲಿ ಆ ಹಿಡಿ ಗೊಬ್ಬರ ಗಾಡಿಗಟ್ಟಲೆ ಮಣ್ಣಿನಲ್ಲಿ ಹರಡುತ್ತದೆ. ಕುಂಡದಲ್ಲಿ ಹೋಗಲು ಜಾಗವಿಲ್ಲ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರಿಗೆ ನೀರು ಎಳೆದುಕೊಳ್ಳುವುದೇ ಕಷ್ಟವಾಗುತ್ತದೆ, ಎಲೆಯ ತುದಿಯಲ್ಲಿ ಉಪ್ಪು ಸೇರಿ ಸುಡುತ್ತದೆ. ಗಡಸು ಬೋರ್‌ವೆಲ್ ನೀರಿನಿಂದಲೂ ನಿಧಾನವಾಗಿ ಹೀಗಾಗುವುದುಂಟು. ಪರಿಹಾರವೆಂದರೆ ತೊಳೆಯುವುದು. ಕುಂಡದ ಎರಡು ಮೂರರಷ್ಟು ಅಳತೆಯ ಮಳೆನೀರನ್ನೋ ತೆರೆದ ಬಾವಿಯ ನೀರನ್ನೋ ನಿಧಾನವಾಗಿ ಹೊಯ್ದು ಕೆಳಗಿನಿಂದ ಪೂರ್ಣ ಹರಿದುಹೋಗಲು ಬಿಡಬೇಕು. ಮೇಲಿನ ಬಿಳಿಯ ಹೊಪ್ಪಳೆಯನ್ನು ಕೆರೆದು ತೆಗೆಯಬೇಕು. ಆಮೇಲೆ, ಬೆಳೆಯುವ ಕಾಲದಲ್ಲಿ ಮಾತ್ರ, ನೀರಿನಲ್ಲಿ ಕರಗುವ ಹತ್ತೊಂಬತ್ತು ಮೂರರ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಂತೆ ತಿಂಗಳಿಗೊಮ್ಮೆ ಕೊಟ್ಟರೆ ಧಾರಾಳವಾಯಿತು. ಬಚ್ಚಲಿನ ಸಾಬೂನು ನೀರು, ಕಲಗಚ್ಚು ಇವೆಲ್ಲ ಕುಂಡಕ್ಕೆ ಬೇಡ.

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲವೆಂಬುದು ನೆನಪಿರಲಿ. ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬುದನ್ನು ಹೊಸ ಗರಿಯನ್ನು ನೋಡಿಯೇ ಹೇಳಬೇಕು.

ರೋಗವಲ್ಲದ ಚುಕ್ಕಿಗಳು

ಅಡಿಕೆಗೆ ಎಲೆಚುಕ್ಕಿ ರೋಗ ಹರಡಿದ ಮೇಲೆ ಮಲೆನಾಡಿನವರಿಗೆ ಯಾವ ಎಲೆಯ ಮೇಲೆ ಚುಕ್ಕಿ ಕಂಡರೂ ಎದೆ ಧಸಕ್ಕೆನ್ನುತ್ತದೆ. ನಮ್ಮ ಸದಸ್ಯರೊಬ್ಬರು ಜರಿಗಿಡದ ಎಲೆಯಡಿಯ ಕಂದು ಚುಕ್ಕಿಗಳನ್ನು ಕಂಡು, ಅಡಿಕೆಯ ರೋಗ ಇದಕ್ಕೂ ಬಂತೆಂದು ಗಾಬರಿಯಾಗಿ, ಮನೆಯ ಹನ್ನೆರಡು ಕುಂಡಗಳನ್ನೂ ಸುಟ್ಟುಬಿಟ್ಟರು. ಅವು ಬೀಜಕಗಳ ಗುಂಪುಗಳಾಗಿದ್ದವು. ಗಿಡ ಬಲಿತು ಸುಖವಾಗಿದೆ ಎಂಬುದರ ಗುರುತು.

ಬೇಧ ತಿಳಿಯುವುದು ಕಷ್ಟವಲ್ಲ. ಬೀಜಕದ ಗುಂಪುಗಳು ಎಲೆಯ ಅಡಿಭಾಗದಲ್ಲಿ ಮಾತ್ರ, ಅಳತೆ ಹಿಡಿದು ಹೊಲಿದಂತೆ ಸಾಲಾಗಿರುತ್ತವೆ. ನೆಫ್ರೊಲೆಪಿಸ್‌ನಲ್ಲಿ ಪ್ರತಿ ಎಲೆಯ ನಡುನರದ ಎರಡು ಬದಿಗೂ ಒಂದೊಂದು ಸಾಲು. ಅಡಿಯಾಂಟಮ್‌ನಲ್ಲಿ ಎಲೆಯ ಅಂಚೇ ಒಳಕ್ಕೆ ಮಡಿಚಿಕೊಂಡು ಅದರ ಕೆಳಗೆ ಅಡಗಿರುತ್ತವೆ. ಅಡಿಕೆಯ ಎಲೆಚುಕ್ಕಿ ಕೊಲೆಟೋಟ್ರೈಕಮ್ ಮೊದಲಾದ ಶಿಲೀಂಧ್ರಗಳಿಂದ ಬರತಕ್ಕದ್ದು. ಅದಕ್ಕೆ ಸಾಲೂ ಇಲ್ಲ, ಅಳತೆಯೂ ಇಲ್ಲ, ಸುತ್ತ ಹಳದಿ ವಲಯವಿರುತ್ತದೆ, ಚುಕ್ಕಿಗಳು ಕೂಡಿಕೊಂಡು ಎಲೆ ಒಣಗುತ್ತದೆ. ಚೀಲದ ಅಡಿಕೆ ಸಸಿಯಲ್ಲಿ ಇಂಥದು ಕಂಡರೆ ಅಲಕ್ಷ್ಯ ಮಾಡದೆ ಆ ಎಲೆಗಳನ್ನು ಕತ್ತರಿಸಿ ಸುಟ್ಟು, ಕೃಷಿ ವಿಜ್ಞಾನಿಗಳ ಸಲಹೆ ಪಡೆಯಬೇಕು.

ಮೂರನೆಯದು ಶಲ್ಕ ಕೀಟ. ಇದು ಸಹ ಕಂದು ಚುಕ್ಕಿಯಂತೆಯೇ ಕಂಡರೂ ಎಲೆಯ ಮೇಲೆ, ಕೆಳಗೆ, ಗರಿಯ ದಂಟಿನ ಮೇಲೆ ಎಲ್ಲೆಂದರಲ್ಲಿ ಅಂಟಿಕೊಂಡಿರುತ್ತದೆ. ಉಗುರಿನಿಂದ ಒತ್ತಿದರೆ ಬಿಲ್ಲೆಯಂತೆ ಕಿತ್ತುಬರುತ್ತದೆ. ಎಲೆ ಅಂಟಂಟಾಗಿದ್ದು ಇರುವೆ ಓಡಾಡುತ್ತಿದ್ದರೆ ಸಂಶಯವೇ ಬೇಡ. ಹಿಟ್ಟುತಿಗಣೆಯಾದರೆ ಬಿಳಿಯ ಹತ್ತಿಯಂತೆ ಕಂಕುಳಲ್ಲಿ ಕುಳಿತಿರುತ್ತದೆ. ಹೆಚ್ಚು ಅಂಟಿದ ಗರಿಯನ್ನು ಕತ್ತರಿಸಿ ಸುಡುವುದು, ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೀರು ಹಾಕಿ ಉಜ್ಜುವುದು, ಇರುವೆಯ ದಾರಿ ತಪ್ಪಿಸುವುದು, ಇಷ್ಟೇ ನನ್ನ ಔಷಧ. ಜರಿಗಿಡದ ಎಲೆಗೆ ಎಣ್ಣೆಯಂಶದ ಸಿಂಪಡಣೆ ಆಗಿಬರುವುದಿಲ್ಲ, ಬೇವಿನೆಣ್ಣೆಯೂ ಸುಡಬಹುದು. ಹೊಡೆಯಲೇಬೇಕೆನ್ನುವವರು ಒಂದು ಗರಿಗೆ ಹೊಡೆದು, ನಾಲ್ಕು ದಿನ ನೋಡಿ ಮುಂದುವರಿಯಲಿ. ಮೆಣಸಿನ ಚೀಲದ ಬುಡದಲ್ಲಿ ಇರುವೆ ಗೂಡುಕಟ್ಟಿದ್ದರೆ ಒಂದು ಚೀಲ ಸೀಳಿ ಬೇರು ನೋಡಿ. ಬೇರಿಗೂ ಹಿಟ್ಟುತಿಗಣೆ ಹತ್ತುತ್ತದೆ, ಮೇಲಿನಿಂದ ಅದು ಕಾಣುವುದಿಲ್ಲ.

ಮಳೆಗಾಲದಲ್ಲಿ ಚಿಗುರು ರಾತ್ರೋರಾತ್ರಿ ಮಾಯವಾದರೆ ಅದು ಚಿಪ್ಪಿಲ್ಲದ ಬಸವನಹುಳುವಿನ ಕೆಲಸ. ಒದ್ದೆ ಗೋಣಿಚೀಲವನ್ನು ಕುಂಡಗಳ ನಡುವೆ ಹಾಸಿಟ್ಟು ಬೆಳಿಗ್ಗೆ ಎತ್ತಿ ನೋಡಿದರೆ ಕಳ್ಳರೆಲ್ಲ ಅದರಡಿಯಲ್ಲಿರುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನ ಅಂಗಳದ ಹತ್ತಿರದ ಮರಗಳಿದ್ದರೆ ಕುಂಡಗಳನ್ನು ಒಳಗಿಡಿ. ಎಲೆಯ ಮೇಲೆ ಬಿದ್ದ ನೀಲಿ ಕಲೆಯನ್ನು ಹೊಸ ರೋಗವೆಂದು ನನ್ನಲ್ಲಿಗೆ ತಂದವರಿದ್ದಾರೆ.

ಗಾಜಿನ ಪೆಟ್ಟಿಗೆಯ ಕಥೆ

ಲಂಡನಿನಲ್ಲಿ ವಾರ್ಡ್ ಎಂಬ ವೈದ್ಯನಿದ್ದ. ಜರಿಗಿಡಗಳೆಂದರೆ ಅವನಿಗೆ ಪ್ರಾಣ. ಆದರೆ ಊರಿನ ಕಲ್ಲಿದ್ದಲ ಹೊಗೆಗೆ ಒಂದೂ ಉಳಿಯುತ್ತಿರಲಿಲ್ಲ. 1829ರ ಸುಮಾರಿಗೆ ಅವನು ಪತಂಗದ ಕೋಶವೊಂದನ್ನು ಹಸಿಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ. ಪತಂಗದ ವಿಷಯ ಹಾಗಿರಲಿ, ಸೀಸೆಯೊಳಗಿನ ಮಣ್ಣಿನಲ್ಲಿ ಒಂದು ಹುಲ್ಲೂ ಒಂದು ಜರಿಗಿಡವೂ ತಾವಾಗಿ ಹುಟ್ಟಿ ಬೆಳೆದವು. ಎಲೆಯಿಂದ ಹೊರಟ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಇದರಿಂದ ಅವನು ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದ. ಹಡಗಿನ ಮೇಲೆ ತಿಂಗಳುಗಟ್ಟಲೆ ಸಸಿಗಳನ್ನು ಜೀವಂತವಾಗಿ ಸಾಗಿಸಲು ಆ ಪೆಟ್ಟಿಗೆಯೇ ದಾರಿಯಾಯಿತು. 1850ರ ಆಸುಪಾಸಿನಲ್ಲಿ ರಾಬರ್ಟ್ ಫಾರ್ಚೂನ್ ಚೀನಾದಿಂದ ಭಾರತಕ್ಕೆ ಚಹಾ ಸಸಿ ತಂದದ್ದು, 1876ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಿಂದ ಸಿಂಹಳಕ್ಕೆ ರಬ್ಬರ್ ಸಸಿ ಹೋದದ್ದು ಇಂಥ ಪೆಟ್ಟಿಗೆಗಳಲ್ಲಿ. ಪ್ಲಾಂಟೇಶನ್ ಎಂದು ನಾವು ಕರೆಯುವ ಕಸುಬಿನ ಒಂದು ಬೇರು ಒಬ್ಬ ಜರಿಗಿಡದ ಹುಚ್ಚನ ಸೀಸೆಯಲ್ಲಿದೆ.

ನಾವು ಮೆಣಸಿನ ಕಡ್ಡಿಗಳನ್ನು ನೆರಳಿನಲ್ಲಿ ಪಾಲಿಥೀನ್ ಹಾಳೆಯ ಕೆಳಗೆ ಬೇರು ಬಿಡಿಸುವುದೂ ಇದೇ ತತ್ವದ ಮೇಲೆ. ಬೇರಿಲ್ಲದ ಕಡ್ಡಿಗೆ ಬೇಕಾದುದು ಗಾಳಿಯಲ್ಲಿ ತೇವವೇ ಹೊರತು ಮಣ್ಣಿನಲ್ಲಿ ಕೆಸರಲ್ಲ. ಒಣಗಿ ಅರೆಜೀವವಾದ ಅಡಿಯಾಂಟಮ್‌ಗೂ ಈ ಉಪಾಯ ಮಾಡಬಹುದು. ಕರಟಿದ ಗರಿಗಳನ್ನೆಲ್ಲ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಕುಂಡವನ್ನು ನೀರಿನ ಬಾಲ್ದಿಯಲ್ಲಿ ಅದ್ದಿ ತೆಗೆದು ಬಸಿಯಲು ಬಿಟ್ಟು, ಮೇಲೆ ತೆಳುವಾದ ಪಾಲಿಥೀನ್ ಚೀಲ ಕವುಚಿ ಬಿಸಿಲು ಬೀಳದ ಕಡೆ ಇಡಿ. ಎರಡು ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ಗಡ್ಡೆ ಬದುಕಿದ್ದರೆ ಕೆಲವು ವಾರಗಳಲ್ಲಿ ಸುರುಳಿ ಮೇಲೇಳುತ್ತದೆ. ಬಿಸಿಲಿನಲ್ಲಿ ಇಟ್ಟರೆ ಮಾತ್ರ ಚೀಲದೊಳಗೆ ಬೆಂದುಹೋದೀತು, ಎಚ್ಚರ.

ಭಾಗ ಮಾಡುವುದು

ನೀರು ಹಾಕಿದರೂ ಕ್ಷಣದಲ್ಲಿ ತಳದಿಂದ ಹರಿದುಹೋಗುತ್ತದೆ, ಗಿಡ ಮಾತ್ರ ದಿನವೂ ಬಾಡುತ್ತದೆ ಎಂದಾದರೆ ಕುಂಡದಲ್ಲಿ ಮಣ್ಣಿಗಿಂತ ಬೇರೇ ಹೆಚ್ಚಾಗಿದೆಯೆಂದು ತಿಳಿಯಬೇಕು. ಮೊದಲ ಮಳೆ ಬಿದ್ದು ಹವೆ ತಂಪಾದ ಮೇಲೆ, ಜೂನ್ ತಿಂಗಳಲ್ಲಿ, ಇಂಥ ಗಿಡವನ್ನು ಹೊರತೆಗೆದು ಹರಿತವಾದ ಕತ್ತಿಯಿಂದ ಎರಡು ಮೂರು ಪಾಲು ಮಾಡಿ, ಪ್ರತಿ ಪಾಲಿನಲ್ಲೂ ನಾಲ್ಕಾರು ಗರಿ, ಒಂದೆರಡು ಸುರುಳಿ ಇರುವಂತೆ ನೋಡಿಕೊಂಡು ನೆಡಿ. ನೆಫ್ರೊಲೆಪಿಸ್ ಕುಂಡದಿಂದ ಹಸಿರು ದಾರದಂತೆ ಹೊರಗೆ ಜೋತುಬೀಳುವ ಎಳೆಗಳನ್ನು ಕೆಲವರು ಕಸವೆಂದು ಕತ್ತರಿಸುತ್ತಾರೆ. ಅವು ಹಬ್ಬುಬಳ್ಳಿಗಳು, ಪಕ್ಕದ ಚೀಲದ ಮಣ್ಣಿಗೆ ತಾಗಿಸಿ ಒಂದು ಕಲ್ಲು ಹೇರಿದರೆ ಅಲ್ಲಿಯೇ ಹೊಸ ಗಿಡವಾಗುತ್ತದೆ. ಇದರ ಒಂದು ಜಾತಿಯಲ್ಲಿ ಬೇರಿನ ನಡುವೆ ಗೋಲಿಯಂಥ ಗಡ್ಡೆಗಳೂ ಇರುತ್ತವೆ. ಅದು ನೀರಿನ ದಾಸ್ತಾನು, ಗಂಟುರೋಗವಲ್ಲ.

ನೆಟ್ಟ ಮೇಲೆ ಕುಂಡಗಳನ್ನು ಸೂರಿನ ನೀರು ನೇರವಾಗಿ ಬೀಳುವಲ್ಲಿ ಇಡಬಾರದು. ಆ ಧಾರೆಗೆ ಮಣ್ಣು ಕೊಚ್ಚಿಹೋಗಿ ಗಡ್ಡೆ ಬರಿದಾಗುತ್ತದೆ. ಪೂರ್ವದ ಜಗಲಿ, ಬೆಳಗಿನ ಎಳೆಬಿಸಿಲು, ಆಮೇಲೆ ನೆರಳು, ಇದು ಎಲ್ಲಕ್ಕೂ ಒಪ್ಪುತ್ತದೆ.

ಕಚೇರಿಯ ಜಗಲಿಯ ಕುಂಡ ಅಂದು ಸಾಯಲಿಲ್ಲ. ಉಳಿದ ನಾಲ್ಕು ಗರಿಗಳಿಂದ ಬೆಳೆದು ಈಗ ಅದು ಮೂರು ಕುಂಡಗಳಾಗಿ ಮತ್ತೆ ಇಕ್ಕಟ್ಟಾಗಿದೆ. ಜೂನ್ ಎರಡನೆಯ ವಾರ, ಮಳೆ ಹಿಡಿದ ಮೇಲೆ, ಅದನ್ನು ಭಾಗ ಮಾಡುವುದಿದೆ. ಬೇಕಾದ ಸದಸ್ಯರು ಒಂದು ಹಾಳೆಕೊಟ್ಟೆಯೊಡನೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಬರಬೇಕು. ಬರುವಾಗ ತಮ್ಮ ನರ್ಸರಿಯಿಂದ ಬಾಡಿದ ಒಂದು ಚೀಲವನ್ನೂ ತಂದರೆ ಅಲ್ಲಿಯೇ ಸೀಳಿ ಬೇರು ನೋಡೋಣ. ಬ್ಲೇಡು ಕಚೇರಿಯಲ್ಲಿದೆ.